ಡೇಲಿಯಾ ಮತ್ತು ಹಸಿದ ಜೇನು

ನಗರದ ಉದ್ಯಾನದಲ್ಲಿದ್ದ ಡೇಲಿಯಾ ಹೂವೊಂದು, ಪಕ್ಕದ ತುಂಬೆಗಿಡ ತನ್ನ ಅಂದಕ್ಕೆ ಕುಂದೆಂದು ಮಾಲಿಗೆ ಚಾಡಿ ಹೇಳಿ ಅದನ್ನು ಬೇರುಸಹಿತ ಕೀಳಿಸಿತು. ಮರುದಿನ ಜೇನುನೊಣವೊಂದು ಬಂದು ಕೇಳಿತು: "ತಾಯಿ, ಇಲ್ಲಿದ್ದ ತುಂಬೆಯಕ್ಕ ಎಲ್ಲಿ? ಗೂಡಿನಲ್ಲಿ ಮರಿಗಳು ಹಸಿದಿವೆ."

"ಆ ಕಳೆಯ ಚಿಂತೆ ಬಿಡು. ನಾನಿಲ್ಲವೇ? ಬಾ" ಎಂದಿತು ಡೇಲಿಯಾ.

ಜೇನು ಆಸೆಯಿಂದ ಒಳನುಗ್ಗಿತು. ಎಸಳು ಸರಿಸಿದರೆ ಮತ್ತೊಂದು ಎಸಳು. ಎಷ್ಟು ಹುಡುಕಿದರೂ ಒಂದು ಹನಿ ಮಕರಂದ ಸಿಗಲಿಲ್ಲ. ತನ್ನೊಳಗೆ ಏನೂ ಇಲ್ಲವೆಂದು ಡೇಲಿಯಾಗೂ ತಿಳಿದದ್ದು ಆಗಲೇ.

ಬೈಗುಳಕ್ಕೆ ಕಾದು ಅದು ಮುದುಡಿ ನಿಂತಿತು. ಜೇನು ಮಾತ್ರ, "ಕ್ಷಮಿಸು ತಾಯಿ, ಹಸಿವಿನಲ್ಲಿ ನಿನ್ನ ಎಸಳು ಕೆದಕಿಬಿಟ್ಟೆ" ಎಂದು ಸೋತ ರೆಕ್ಕೆ ಬಡಿಯುತ್ತ ಹೊರಟುಹೋಯಿತು.

ಅಷ್ಟರಲ್ಲಿ ವಾಯುವಿಹಾರಕ್ಕೆ ಬಂದ ದಂಪತಿ ನಿಂತು, "ಆಹಾ, ಎಷ್ಟು ತುಂಬಿಕೊಂಡಿದೆ ಈ ಹೂವು!" ಎಂದರು.

ಡೇಲಿಯಾ ತಲೆ ಎತ್ತಲಿಲ್ಲ.