ಒಂದೇ ಹೂಂ

“ಬುದ್ಧಿ, ಓದಿದವರು ಒಂದು ಮಾತು ಹೇಳಲಿ ಎಂದು ಬರೆಯುವವನು ಕೇಳುವುದು ತಪ್ಪೇ?”

ಕೇಳಿದವನು ಓಬಳೇಶ. ಸಹಕಾರ ಸಂಘದಲ್ಲಿ ಗುಮಾಸ್ತ. ದಿನದ ಕೆಲಸ ಮುಗಿದ ಮೇಲೆ ಮೊಬೈಲಿನಲ್ಲಿ ಕತೆ ಬರೆಯುತ್ತಾನೆ. ವಾರಕ್ಕೆ ಮೂರು ಕಂತು. ಜನ ತಮ್ಮ ತಮ್ಮ ಮೊಬೈಲಿನಲ್ಲಿ ಓದುತ್ತಾರೆ. ಓದಿ ಕೆಲವರು ಕೆಳಗೆ ಎರಡು ಮಾತು ಬರೆಯುತ್ತಾರೆ, ಬಹಳ ಜನ ಏನೂ ಬರೆಯದೆ ಹೋಗುತ್ತಾರೆ. ಹಾಗೆ ಹೋಗುವವರ ಮೇಲೆ ಅವನಿಗೆ ಈಚೆಗೆ ಸಿಟ್ಟು ಹತ್ತಿತ್ತು.

“ಕೇಳುವುದು ಬೇರೆ, ಪಟ್ಟು ಹಿಡಿಯುವುದು ಬೇರೆ. ನೀನು ಮಾಡಿದ್ದು ಏನು, ಅದನ್ನು ಮೊದಲು ಹೇಳು,” ಎಂದರು ಮಠದ ಗುರುಗಳು.

ಓಬಳೇಶ ಹೇಳಿದ. ಮೂವತ್ತೆಂಟು ಕಂತು ಆಗಿದೆ. ಇನ್ನೆರಡು ಬರೆದರೆ ಕತೆ ಮುಗಿಯುತ್ತದೆ. ಓದಿದವರು ಸಾವಿರಾರು ಜನ ಎಂದು ಮೊಬೈಲೇ ತೋರಿಸುತ್ತದೆ. ಮಾತಾಡುವವರು ಹತ್ತು ಮಂದಿ. ಅದಕ್ಕೆ ಅವನು, ನೂರು ಜನ ಅಭಿಪ್ರಾಯ ಬರೆಯುವವರೆಗೆ ಮುಂದಿನ ಕಂತು ಇಲ್ಲ ಎಂದು ಹಾಕಿದ. ಹಾಕಿ ತಿಂಗಳಾಯಿತು. ನೂರು ಆಗಲಿಲ್ಲ.

“ಆ ಹತ್ತು ಮಂದಿಯಲ್ಲಿ ಒಬ್ಬರಿದ್ದಾರೆ ಬುದ್ಧಿ. ಹೆಸರಿಲ್ಲ, ಫೋಟೋ ಇಲ್ಲ. ಮೊದಲ ಕಂತಿನಿಂದಲೂ ಒಂದೇ ಪದ. ‘ಮುಂದೆ?’ ಅಷ್ಟೇ. ನಾಯಕಿ ಅತ್ತರೂ ‘ಮುಂದೆ?’, ನಕ್ಕರೂ ‘ಮುಂದೆ?’. ಕಂತು ನಿಲ್ಲಿಸಿದ ಮೇಲೂ ದಿನಾ ಅದನ್ನೇ ಬರೆದರು. ನೋಡಿ ನೋಡಿ ತಲೆ ಕೆಟ್ಟು, ಎಲ್ಲರಿಗೂ ಕಾಣುವ ಹಾಗೆ ಬರೆದುಬಿಟ್ಟೆ. ನಿಮ್ಮಂಥವರಿಗಾಗಿ ನಾನು ನಿದ್ದೆಗೆಟ್ಟು ಬರೆಯಬೇಕೇ, ಇನ್ನೊಂದು ಪದ ಒತ್ತಿದರೆ ನಿಮ್ಮ ಬೆರಳು ಸವೆಯುತ್ತದೆಯೇ ಅಂತ.”

“ಮೊದಲ ಸಲ ಯಾರೋ ‘ಚೆನ್ನಾಗಿದೆ’ ಎಂದು ಬರೆದ ದಿನ ನೀನು ಸಕ್ಕರೆ ಪೊಟ್ಟಣ ಹಿಡಿದು ಇಲ್ಲಿಗೆ ಓಡಿಬಂದಿದ್ದೆ. ಅಡುಗೆಮನೆಯವರಿಗೂ ಹಂಚಿದ್ದೆ. ಅವರು ಯಾವ ಊರಿನವರೋ, ಚೆನ್ನಾಗಿರಲಿ ಎಂದು ಕೈಮುಗಿದಿದ್ದೆ. ಆ ಓಬಳೇಶ ಎಲ್ಲಿ ಹೋದನಪ್ಪಾ?”

“ಆಗ ಒಬ್ಬರು ಓದಿದರೂ ಸಾಕಾಗಿತ್ತು ಬುದ್ಧಿ.”

“ಸರಿ. ಒಂದು ಕತೆ ಹೇಳುತ್ತೇನೆ. ಹೂಂ ಅನ್ನುತ್ತಿರು. ನಡುವೆ ಆ ಮೊಬೈಲು ಕೈಗೆ ಬಂದರೆ ಎದ್ದು ಹೋಗುತ್ತೇನೆ,” ಎಂದು ಗುರುಗಳು ಶುರುಮಾಡಿದರು.

ಒಂದೂರಿನಲ್ಲಿ ಒಬ್ಬ ಕತೆಗಾರನಿದ್ದ. ಆ ಊರಿಗೆ ಹುಣಸೆ ತೋಪೇ ಆಧಾರ. ಹಣ್ಣು ಬಡಿದು ತಂದ ಮೇಲೆ ಎರಡು ತಿಂಗಳು ಊರಿಗೆ ಊರೇ ಚಪ್ಪರದ ಕೆಳಗೆ ಕೂರಬೇಕು. ಸಿಪ್ಪೆ ತೆಗೆಯಬೇಕು, ನಾರು ಎಳೆಯಬೇಕು, ಕುಟ್ಟಿ ಬೀಜ ಬಿಡಿಸಬೇಕು. ಬೇಸರದ ಕೆಲಸ. ಅದಕ್ಕೆ ಕತೆ ಬೇಕಾಗಿತ್ತು. ಕತೆಗಾರನೂ ಅವರ ನಡುವೆ ಕೂತು ಹೇಳುತ್ತಿದ್ದ. ಅವನ ಪಾಲಿಗೆ ಬಂದ ಹಣ್ಣನ್ನು ಉಳಿದವರು ಒಂದೊಂದು ಹಿಡಿ ತಮ್ಮ ಕಡೆ ಎಳೆದುಕೊಂಡು ಬಿಡಿಸಿಬಿಡುತ್ತಿದ್ದರು. ಅವನು ಕೇಳಿದ್ದಲ್ಲ, ಅವರೂ ಹೇಳಿಕೊಂಡವರಲ್ಲ.

ಅಲ್ಲಿ ಕತೆಗೆ ಒಂದು ಕಟ್ಟಳೆಯಿತ್ತು. ಯಾರಾದರೂ ಒಬ್ಬರು ಹೂಂ ಅನ್ನುತ್ತಿರಬೇಕು. ಮಾತಿಗೊಂದು ಹೂಂ. ಹೂಂ ನಿಂತರೆ ಕತೆಯೂ ನಿಲ್ಲಬೇಕು. ಆ ಕೆಲಸ ಒಬ್ಬ ಮುದುಕಿಯದು. ಬೇರೆಯವರ ಕೈಲಿ ಆಗುತ್ತಿರಲಿಲ್ಲ. ಒಬ್ಬರಿಗೆ ತೂಕಡಿಕೆ, ಇನ್ನೊಬ್ಬರಿಗೆ ಪಕ್ಕದವರ ಜೊತೆ ಪಿಸುಮಾತು. ಮುದುಕಿ ಮಾತ್ರ ಒಂದನ್ನೂ ತಪ್ಪಿಸುತ್ತಿರಲಿಲ್ಲ. ರಾಜ ಸತ್ತರೂ ಹೂಂ, ರಾಜನಿಗೆ ಮದುವೆಯಾದರೂ ಅದೇ ಹೂಂ. ಕಣ್ಣು ಕೈಯಲ್ಲಿದ್ದ ಹಣ್ಣಿನ ಮೇಲೆ. ಒಂದು ದಿನವೂ ಕತೆ ಚೆನ್ನಾಗಿತ್ತು ಎಂದವಳಲ್ಲ. ಹೊತ್ತು ಇಳಿಯಿತೆಂದರೆ ಸೆರಗು ಕೊಡವಿಕೊಂಡು ಸರಸರ ಮನೆಗೆ ಹೋಗಿಬಿಡುವಳು. ಅವಳ ಮನೆಯಲ್ಲಿ ಯಾರಿದ್ದಾರೆ ಎಂದು ಕತೆಗಾರ ಯಾವತ್ತೂ ಕೇಳಿರಲಿಲ್ಲ.

ಆ ವರ್ಷ ಅವನು ಹೇಳುತ್ತಿದ್ದದ್ದು ತಾಯಿಯನ್ನು ಹುಡುಕಿಕೊಂಡು ಹೊರಟ ಒಬ್ಬ ಹುಡುಗಿಯ ಕತೆ. ಅವಳು ಏಳು ಹೊಳೆ ದಾಟಬೇಕು. ಕತೆಗಾರ ಹೊಳೆಗೆ ಎಂಟು ದಿನದಂತೆ ಹೇಳುತ್ತ ಬಂದ. ಹಣ್ಣು ಮುಗಿಯುವುದಕ್ಕೂ ಕತೆ ಮುಗಿಯುವುದಕ್ಕೂ ಸರಿಹೋಗಬೇಕು, ಅದೂ ಅಲ್ಲಿಯ ಕಟ್ಟಳೆಯೇ. ಹುಡುಗಿ ಆರು ಹೊಳೆ ದಾಟಿದಳು. ಏಳನೆಯ ಹೊಳೆಯ ದಡಕ್ಕೆ ಬಂದಳು. ನೀರು ಏರುತ್ತಿತ್ತು.

ಅವತ್ತೇ ಹುಣಸೆ ಕೊಳ್ಳುವ ಒಬ್ಬ ವ್ಯಾಪಾರಿ ಊರಿಗೆ ಬಂದ. ಗಾಡಿಗೆ ಮಾಲು ತುಂಬುವಷ್ಟು ಹೊತ್ತು ಚಪ್ಪರದಲ್ಲಿ ಕೂತ. ಕತೆ ಕೇಳಿ ತೊಡೆ ತಟ್ಟಿದ. “ಏನು ಕತೆಯಯ್ಯಾ ನಿನ್ನದು. ಇಂಥದ್ದನ್ನು ಈ ಜನರ ಮುಂದೆ ಸುರಿಯುತ್ತಿದ್ದೀಯಲ್ಲ. ಆ ಮುದುಕಿಯನ್ನು ನೋಡು, ಎಲ್ಲದಕ್ಕೂ ಒಂದೇ ಹೂಂ. ಅವಳಿಗೆ ಕಿವಿಯಾದರೂ ಕೇಳುತ್ತದೋ ಇಲ್ಲವೋ,” ಎಂದ. ಅಷ್ಟು ಹೇಳಿ ಗಾಡಿ ಹತ್ತಿ ಹೋದ. ಆ ಹುಡುಗಿ ಮುಂದೆ ಏನಾದಳು ಎಂದು ಕೇಳಲಿಲ್ಲ. ಇದನ್ನು ನೆನಪಿಟ್ಟುಕೋ. ಕತೆಗಾರ ನೆನಪಿಟ್ಟುಕೊಳ್ಳಲಿಲ್ಲ.

ಅಲ್ಲಿಯವರೆಗೆ ಆ ಹೂಂ ಕಿವಿಗೆ ಬಿದ್ದರೆ ಅವನಿಗೆ ಮುಂದಿನ ಮಾತು ತಾನಾಗಿ ಬರುತ್ತಿತ್ತು. ಅವತ್ತಿನಿಂದ ಅದೇ ಹೂಂ ಕಿವಿಯಲ್ಲಿ ಕುಟುಕತೊಡಗಿತು. ಎಷ್ಟು ವರ್ಷದಿಂದ ಗಂಟಲು ಹರಿದುಕೊಂಡಿದ್ದೇನೆ, ಒಬ್ಬರಾದರೂ ಶಭಾಷ್ ಅಂದರೇ ಎಂದು ಮನೆಯಲ್ಲಿ ಹೆಂಡತಿಯ ಮೇಲೂ ಹಾರಾಡಿದ. ಹೊಗಳಿಕೆ ಒಂದು ಸಲ ನಾಲಿಗೆಗೆ ಹತ್ತಿತು ನೋಡು, ಆಮೇಲೆ ಮನೆಯ ಊಟ ರುಚಿಸುವುದಿಲ್ಲ.

ಮರುದಿನ ಚಪ್ಪರಕ್ಕೆ ಬಂದವನೇ ಮುದುಕಿಯ ಕಡೆ ತಿರುಗಿದ. “ಏನಜ್ಜಿ, ನೀನು ಕತೆ ಕೇಳುತ್ತೀಯೋ, ಎಮ್ಮೆ ಮೆಲುಕು ಹಾಕಿದ ಹಾಗೆ ಹೂಂ ಹಾಕುತ್ತೀಯೋ? ಇವತ್ತಿನಿಂದ ನೀನು ಹೂಂ ಅನ್ನಬೇಡ. ಮಿಕ್ಕವರೂ ಕೇಳಿ. ಕತೆ ಹೇಗಿದೆ ಎಂದು ಒಬ್ಬೊಬ್ಬರೂ ಬಾಯಿಬಿಟ್ಟು ಹೇಳುವವರೆಗೆ ಆ ಹುಡುಗಿ ದಡದಲ್ಲೇ ನಿಂತಿರುತ್ತಾಳೆ.”

ಜನ ತಲೆ ತಗ್ಗಿಸಿ ನಾರು ಎಳೆಯತೊಡಗಿದರು. ಅವರು ಹೊಗಳಿ ಗೊತ್ತಿಲ್ಲದ ಜನ. ಎದುರಿಗೆ ಕೂತವನಿಗೆ ಚೆನ್ನಾಗಿ ಹೇಳಿದೆ ಎನ್ನಲು ಅವರಿಗೆ ನಾಚಿಕೆ. ಮುದುಕಿ ಎದ್ದು ನಿಂತಳು. ಏನೋ ಹೇಳಲು ಬಾಯಿ ತೆರೆದಳು. ಎಲ್ಲರೂ ಅವಳ ಮುಖವನ್ನೇ ನೋಡಿದರು. ನಾಲ್ಕು ಜನರ ಮುಂದೆ ಮಾತಾಡಿ ಅಭ್ಯಾಸವಿಲ್ಲದವಳು, ಹಾಗೇ ಕೂತುಬಿಟ್ಟಳು. ಮರುದಿನದಿಂದ ಕೆಲಸಕ್ಕೆ ಬರಲಿಲ್ಲ.

ಇಲ್ಲಿ ಓಬಳೇಶ ತಡೆದ. “ಕತೆಗಾರ ಕೇಳಿದ್ದರಲ್ಲಿ ತಪ್ಪೇನು ಬುದ್ಧಿ? ಅಷ್ಟು ವರ್ಷ ಹೇಳಿದವನು.”

“ಹೂಂ ಅನ್ನು ಅಂದೆ, ತೀರ್ಪು ಕೊಡು ಅನ್ನಲಿಲ್ಲ,” ಎಂದು ಗುರುಗಳು ಮುಂದುವರಿಸಿದರು.

ಹತ್ತು ದಿನ ಕತೆಗಾರ ಬಾಯಿ ಬಿಗಿದುಕೊಂಡು ಕೂತ. ಜನ ಬಂದರು, ಹಣ್ಣು ಬಿಡಿಸಿದರು, ಹೋದರು. ಕತೆ ಇಲ್ಲದಿದ್ದರೂ ಅವನ ಪಾಲಿನ ಹಣ್ಣನ್ನು ಒಂದೊಂದು ಹಿಡಿ ಎಳೆದುಕೊಳ್ಳುವುದನ್ನು ಮಾತ್ರ ಬಿಡಲಿಲ್ಲ. ಅದನ್ನು ಕಂಡರೆ ಅವನಿಗೆ ಇನ್ನಷ್ಟು ಉರಿ. ಕೈಯಿಂದ ಮಾಡುವವರು ಬಾಯಿಂದ ಅಂದರೆ ಏನು ಗಂಟು ಹೋಗುತ್ತದೆ ಎಂದುಕೊಂಡ. ಹನ್ನೊಂದನೆಯ ದಿನ ರಾಶಿ ಕರಗಿ ಎರಡು ಬುಟ್ಟಿಗೆ ಬಂತು. ಹಣ್ಣು ಮುಗಿದರೆ ಕತೆಯೂ ಅರ್ಧಕ್ಕೇ ಹೋಗುತ್ತದೆ. ಅವನಿಗೆ ಹೆದರಿಕೆಯಾಯಿತು. ಹೋಗಲಿ ಎಂದು ತಾನೇ ಸೋತು ಬಾಯಿ ತೆರೆದ. ಒಬ್ಬ ರೈತ ಹೂಂ ಅನ್ನಲು ಕೂತ. ನಾಲ್ಕು ಮಾತಿಗೆ ಒಂದು ಹೂಂ ಬಂತು, ಐದನೆಯ ಮಾತಿಗೆ ಆಕಳಿಕೆ ಬಂತು. ಕತೆಗಾರನಿಗೆ ಮಾತು ಹತ್ತಲಿಲ್ಲ. ಹುಡುಗಿಗೆ ದೋಣಿ ಕೊಡಲು ಹೋದರೆ ದೋಣಿ ಸಿಗಲಿಲ್ಲ, ಹಗ್ಗ ಕೊಡಲು ಹೋದರೆ ಹಗ್ಗ ಸಿಗಲಿಲ್ಲ. ಎದ್ದು ಮುದುಕಿಯ ಮನೆಯ ದಾರಿ ಹಿಡಿದ.

ಮುದುಕಿ ಬಾಗಿಲ ಮುಂದೆ ಕಲ್ಲಿನ ಮೇಲೆ ಕೌದಿ ಒಗೆಯುತ್ತಿದ್ದಳು. ಅವನು ಹೇಳಿದ, “ಅಜ್ಜಿ, ಆದದ್ದಾಯಿತು. ನಾಳೆ ಬಾ, ಕತೆ ಮುಗಿಸುತ್ತೇನೆ. ನಾನು ಕೋಪ ಬಿಟ್ಟಿದ್ದೇನೆ.” ಕೇಳಿದೆಯಾ ಓಬಳೇಶ, ಕೋಪ ಬಿಟ್ಟವನು ಅವನಂತೆ.

ಮುದುಕಿ ಕೈ ನಿಲ್ಲಿಸಿದಳು. “ನನಗೊಬ್ಬಳು ಮಗಳಿದ್ದಳಪ್ಪ. ಎಂಟು ವರ್ಷದಿಂದ ಹಾಸಿಗೆ ಹಿಡಿದಿದ್ದಳು. ಎದ್ದು ನಡೆಯೋ ಹಾಗಿರಲಿಲ್ಲ. ನೀನು ಹೇಳಿದ್ದನ್ನ ಸಂಜೆ ಬಂದು ಅವಳಿಗೆ ಹೇಳ್ತಿದ್ದೆ. ಒಂದು ಮಾತು ಹೆಚ್ಚುಕಮ್ಮಿಯಾದರೆ, ಇಲ್ಲೇನೋ ಬಿಟ್ಟೆ ನೀನು ಅಂತ ಹಿಡಿದುಬಿಡೋಳು. ಅದಕ್ಕೇ ಒಂದೊಂದು ಹೂಂ ಅಂದಾಗಲೂ ಒಂದೊಂದು ಮಾತು ಗಂಟು ಹಾಕ್ಕೊಳ್ತಿದ್ದೆ. ನಾನೂ ನಗ್ತಾ ಅಳ್ತಾ ಕೂತ್ರೆ ಮಾತು ಜಾರಿಹೋಗೋದು. ನಗೋದು ಅಳೋದು ಎಲ್ಲ ಮನೇಲಿ ಅವಳೇ ಮಾಡ್ತಿದ್ದಳು.”

ಮುದುಕಿ ಕೌದಿಯ ನೀರು ಹಿಂಡಿದಳು.

“ಕತೆ ನಿಂತ ಮೇಲೆ ದಿನಾ ಕೇಳಿದಳು, ಆ ಹುಡುಗಿ ಹೊಳೆ ದಾಟಿದಳೇನವ್ವಾ ಅಂತ. ನಿನ್ನ ಹತ್ತಿರ ಕೇಳ್ಕೊಳ್ಳೋಣ ಅಂತ ಚಪ್ಪರದ ತನಕ ಎರಡು ಸಲ ಬಂದೆ. ನಿನ್ನ ಮುಖ ನೋಡಿ ಹಿಂದಕ್ಕೆ ಬಂದೆ. ಆಮೇಲೆ ಅವಳಿಗೆ ಜ್ವರ ಏರಿತು. ಜ್ವರದಲ್ಲೂ ಅದೇ ಮಾತು. ತಡೀಲಾರದೆ, ದಾಟಿದಳು ಕಣೆ ಅಂದುಬಿಟ್ಟೆ. ಸುಳ್ಳು ಹೇಳ್ತೀ ಅವ್ವಾ, ಇದು ಅವರ ಮಾತಲ್ಲ ಅಂದಳು. ಮೊನ್ನೆ ಹೋದಳು. ಇದು ಅವಳ ಕೌದಿ.”

ಕತೆಗಾರ ಹೊಸ್ತಿಲ ಮೇಲೆ ಕೂತ. ಅವನಿಗೆ ಬೇರೆ ಏನು ಬರುತ್ತಿತ್ತು? ಏಳನೆಯ ಹೊಳೆಯ ಕತೆಯನ್ನು ಅಲ್ಲೇ ಶುರುಮಾಡಿದ. ಮುದುಕಿ ಒದ್ದೆ ಕೌದಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹೂಂ ಅಂದಳು. ಅದೇ ಹೂಂ. ಮಾತಿಗೊಂದು. ಹಾಗೆ ಅವನು ಕತೆಯನ್ನು ಹಿಂದೆಯೂ ಹೇಳಿರಲಿಲ್ಲ, ಮುಂದೆಯೂ ಹೇಳಲಿಲ್ಲ. ನೀರು ಇಳಿಯಿತು, ಹುಡುಗಿ ಹೊಳೆ ದಾಟಿದಳು, ಆಚೆ ದಡದಲ್ಲಿ ತಾಯಿ ನಿಂತಿದ್ದಳು. ಕತೆ ಮುಗಿಯಿತು.

ಮುದುಕಿ ಕೌದಿಯನ್ನು ಮಡಿಚಿದಳು. ಆಮೇಲೆ ಹೇಳಿದಳು, “ಚೆನ್ನಾಗಿತ್ತಪ್ಪ. ಈಗ ಇದನ್ನ ಯಾರಿಗೆ ಒಯ್ಯಲಿ?”

ಗುರುಗಳು ನಿಲ್ಲಿಸಿದರು. ಓಬಳೇಶ ಕೊನೆಯ ಹೂಂ ಹೇಳುವುದನ್ನು ಮರೆತಿದ್ದ. ಜೇಬಿನಿಂದ ಮೊಬೈಲು ತೆಗೆದ. ಗುರುಗಳು ಎದ್ದು ಹೋಗಲಿಲ್ಲ.

“ಎಲ್ಲರ ಮನೆಯಲ್ಲೂ ಹೀಗೇ ಇರುತ್ತದೆ ಎಂದೇನಿಲ್ಲ ಬುದ್ಧಿ,” ಎಂದ ಅವನು. “ಆದರೂ ತಪ್ಪಾಯಿತು. ಉಳಿದ ಎರಡು ಕಂತನ್ನೂ ಇವತ್ತೇ ಹಾಕುತ್ತೇನೆ. ಆ ಒಬ್ಬರಿಗೆ ಹೆಸರಿಲ್ಲದಿದ್ದರೇನು, ಕೈಮುಗಿದು ಬರೆಯುತ್ತೇನೆ. ಅವರೂ ಓದುತ್ತಾರೆ.”

ಗುರುಗಳು ಕೇಳಿದರು, “ನೀನು ಬೈದ ಮೇಲೆ ಆ ‘ಮುಂದೆ?’ ಮತ್ತೆ ಒಂದು ಸಲವಾದರೂ ಬಂದಿತೇ?”