ಬಿಚ್ಚಿದ ಏಡಿ

"ಗುರುಗಳೇ, ನಾಳೆ ಕಾಗದ ಮಡಿಸುವ ಸ್ಪರ್ಧೆಗೆ ನಾನೇ ತೀರ್ಪುಗಾರ. ಹೊಸಬರಿಗೊಂದು ಸಾಲು, ಪಳಗಿದವರಿಗೊಂದು ಸಾಲು ಮಾಡಿದ್ದೇನೆ. ಯಾರು ಎಷ್ಟು ಬಲ್ಲರೆಂದು ಅವರನ್ನೇ ಕೇಳಿ ಕೂರಿಸುತ್ತೇನೆ. ಇದು ನ್ಯಾಯವಲ್ಲವೇ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು: "ಒಂದು ಕತೆ ಇದೆ. ನೀನು ನಂಬುವುದಿಲ್ಲ. ನಂಬಲಾರೆ ಎಂದು ಈಗಲೇ ಎದ್ದು ಹೋದರೂ ಸರಿ, ನಡೆದದ್ದೇನೂ ಬದಲಾಗುವುದಿಲ್ಲ.

ಒಬ್ಬ ರೈತನ ಮಗನಿದ್ದ. ಬಾಯಿ ಬಲು ಜೋರು. ಸಂತೆಯಿಂದ ಬಂದ ಪೊಟ್ಟಣದ ಕಾಗದವನ್ನು ನೀವಿ ನೀವಿ, ಒಂದು ಬೇಸಿಗೆಯೆಲ್ಲ ಮಡಿಸುತ್ತ ಕೂತ. ಕತ್ತರಿ ಇಲ್ಲ, ಅಂಟಿಲ್ಲ. ಕೊನೆಗೆ ಗದ್ದೆಯ ಏಡಿ ಅವನ ಅಂಗೈ ಮೇಲೆ ಎದ್ದು ನಿಂತಿತು. ಕಾಲೂ ಇತ್ತು, ಕಚ್ಚುವ ಕೈಯೂ ಇತ್ತು. ಯಾರೂ ಹೇಳಿಕೊಟ್ಟದ್ದಲ್ಲ. 'ನನ್ನಂಥವನನ್ನು ಹತ್ತೂರಲ್ಲಿ ಹುಡುಕಿ ತನ್ನಿ, ನೋಡೋಣ' ಎಂದು ಊರೆಲ್ಲ ಸಾರಿದ.

ಪಟ್ಟಣದಲ್ಲಿ ಸ್ಪರ್ಧೆ ನಡೆಯಿತು. ಪಳಗಿದವರಲ್ಲಿ ಗೆದ್ದವನಿಗೆ ಶಾಲು. ಹೊಸಬರಲ್ಲಿ ಗೆದ್ದವನಿಗೆ ಹಿರಿಯ ಕುಶಲಕರ್ಮಿಯ ಬಳಿ ಕೂತು ಕಲಿಯುವ ಜಾಗ. ರೈತನ ಮಗನಿಗೆ ಬೇಕಾಗಿದ್ದದ್ದು ಆ ಜಾಗ. ತನ್ನ ಏಡಿ ಒಮ್ಮೆ ನಿಂತರೆ ಇನ್ನೊಮ್ಮೆ ಕೆಡುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೆ.

ಬಾಗಿಲಲ್ಲಿ ಅವನ ಮುಂದೆ ಒಬ್ಬ ವರ್ತಕನ ಮಗ. ಗುರುವನ್ನು ಮನೆಗೇ ಕರೆಸಿಕೊಂಡು ಹತ್ತು ವರ್ಷ ಕಲಿತವನು. ಎಷ್ಟು ಬಲ್ಲೆ ಎಂದು ತೀರ್ಪುಗಾರ ಕೇಳಿದ್ದಕ್ಕೆ ಕೈಮುಗಿದು, 'ನಾನಿನ್ನೂ ಕಲಿಯುವವನು, ಸ್ವಾಮಿ' ಎಂದ. ತೀರ್ಪುಗಾರನಿಗೆ ಹಿತವಾಯಿತು. ಹೊಸಬರ ಸಾಲಿಗೆ ಕಳಿಸಿದ.

'ನೀನೇನಪ್ಪ?' ಎಂದ ರೈತನ ಮಗನಿಗೆ.

'ನಾನಾ? ಇವರೆಲ್ಲ ಹತ್ತು ವರ್ಷ ತಿಣುಕುವುದನ್ನು ಒಂದೇ ಬೇಸಿಗೆಯಲ್ಲಿ ಮುಗಿಸಿ ಬಂದಿದ್ದೇನೆ!'

'ಓಹೋ, ದೊಡ್ಡವರು! ಹಾಗಾದರೆ ಮೇಲಿನ ಸಾಲಿಗೆ ದಯಮಾಡಿಸಿ.'

ಸುತ್ತಲಿದ್ದವರು ನಕ್ಕರು. ಅವನಿಗೆ ಬೇಕಾದ ಜಾಗ ಇದ್ದದ್ದು ಕೆಳಗಿನ ಸಾಲಿನಲ್ಲಿ. ಆದರೆ ಇಳಿದು ಬರಲು ಅವನ ಬಾಯಿ ಬಿಡಲಿಲ್ಲ. ಹೋಗಿ ಪಳಗಿದವರ ನಡುವೆ ಕೂತ.

ಅಂದು ಏಡಿ ಕೆಡಲಿಲ್ಲ. ಅಂಥದ್ದು ಆ ಅಂಗಳದಲ್ಲಿ ಇನ್ನೊಂದಿರಲಿಲ್ಲ. ಆದರೆ ಪಳಗಿದವರ ಸಾಲಿಗೊಂದು ಪದ್ಧತಿ ಇತ್ತು. ಮಡಿಸಿದ್ದನ್ನು ತೀರ್ಪುಗಾರ ಬಿಚ್ಚಿ, ಹಾಳೆಯ ಮೇಲಿನ ಗೆರೆ ನೋಡುತ್ತಾನೆ. ತಪ್ಪಿ ಮಡಿಸಿ ತಿದ್ದಿದ ಗೆರೆ ಕಂಡರೆ ಸೋಲು. ಹೊಸಬರದ್ದನ್ನು ಬಿಚ್ಚುವುದಿಲ್ಲ.

ತೀರ್ಪುಗಾರ ಏಡಿಯನ್ನು ಬಿಚ್ಚಿದ. ಹಾಳೆಯ ತುಂಬ ತಿದ್ದಿದ ಗೆರೆಗಳು.

'ಇದು ಹೊಸಬನ ಕೈ' ಎಂದ.

'ಹೌದು ಸ್ವಾಮಿ, ಹೊಸಬನೇ. ಕೆಳಗಿನ ಸಾಲಿಗೆ ಹಾಕಿ' ಎಂದ ರೈತನ ಮಗ. ಹುಟ್ಟಿದ ಮೇಲೆ ಅವನು ತಗ್ಗಿ ಆಡಿದ ಮೊದಲ ಮಾತು ಅದು.

'ಮೇಲೆ ಕೂತವರು ಕೆಳಗಿಳಿಯುವಂತಿಲ್ಲ. ಇಂದೂ ಇಲ್ಲ, ಮುಂದೆಯೂ ಇಲ್ಲ.'

ಕಲಿಯುವ ಜಾಗ ವರ್ತಕನ ಮಗನಿಗೆ ಹೋಯಿತು."

ಶಿಷ್ಯ ತಡೆಯಲಾರದೆ, "ಜಂಬ ಕೊಚ್ಚಿದ್ದು ಅವನ ತಪ್ಪಲ್ಲವೇ, ಗುರುಗಳೇ? ತಕ್ಕದ್ದೇ ಸಿಕ್ಕಿತು" ಎಂದ.

ಗುರುಗಳು ಅವನ ಮುಖ ನೋಡಿದರು.

"ಒಂದೇ ಬೇಸಿಗೆ ಎಂದು ಅವನು ಬಾಗಿಲಲ್ಲೇ ನಿಜ ಹೇಳಿದ್ದ, ತೀರ್ಪುಗಾರ ಕೇಳಿಸಿಕೊಂಡದ್ದು ಜಂಬವನ್ನಷ್ಟೆ. ಹತ್ತು ವರ್ಷ ಕಲಿತವನಿಗೆ ಕಲಿಯುವ ಜಾಗ ಕೊಟ್ಟ; ಇವನಿಗೆ ಕೊಟ್ಟದ್ದು ಬಿಚ್ಚಿದ ಹಾಳೆ."