ಸೆರಗಿಗೆ ಕಟ್ಟಿದ ಕಡಲಗಾಳಿ

ಒಂದಾನೊಂದು ಊರು. ಮುಂದೆ ಕಡಲು, ಹಿಂದೆ ಘಟ್ಟ, ನಡುವೆ ಉಪ್ಪಿನ ಆಗರ. ಅಲ್ಲಿ ಬುದವಂತಿ ಅಂತ ಒಬ್ಬಳಿದ್ದಳಂತೆ. ಗಂಡ ಇಲ್ಲ. ಇದ್ದೊಬ್ಬ ಮಗಳು ಸೋಮಿಯನ್ನ ಘಟ್ಟದ ಮೇಲಿನ ಊರಿಗೆ ಕೊಟ್ಟಿದ್ದಳು. ಕಡಲ ನೀರನ್ನ ಆಗರಕ್ಕೆ ಬಿಡೋದು, ಬಿಸಿಲಿಗೆ ಆರಿಸೋದು, ಉಪ್ಪು ಎಳೆಯೋದು, ಇಷ್ಟೇ ಅವಳ ಬದುಕು.

ವರ್ಷಾ ವರ್ಷಾ ಒಂದೇ ಗೋಳು. ಉಪ್ಪು ರಾಶಿಯಾಯಿತು, ಇನ್ನು ತೆಂಗಿನ ಗರಿ ಹೊದಿಸೋಣ ಅನ್ನೋ ಹೊತ್ತಿಗೆ ಕಡಲಗಾಳಿ ಮೋಡ ಹೊತ್ತು ಬರೋದು, ರಾಶಿ ಕರಗಿಹೋಗೋದು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತ ಅಳೋಳು, ಪಾಪ!

ಆ ಊರ ಹೆಂಗಸರದ್ದೊಂದು ವಾಡಿಕೆ. ಏನಾದರೂ ಕಳೆದರೆ ಸೆರಗಿಗೆ ಗಂಟು ಹಾಕಿ, 'ಸಿಗೋವರೆಗೂ ಬಿಚ್ಚಲ್ಲ' ಅನ್ನೋರು. ಒಂದು ವರ್ಷ ಬುದವಂತಿಗೆ ಸಿಟ್ಟು ನೆತ್ತಿಗೇರಿತು. ಬೀಸಿ ಬಂದ ಗಾಳಿಯನ್ನೇ ಸೆರಗಲ್ಲಿ ಹಿಡಿದು ಗಂಟು ಬಿಗಿದಳಂತೆ!

"ಗರಿ ಹೊದಿಸೋವರೆಗೂ ಬಿದ್ದಿರು."

ಗಾಳಿ ನಿಂತಿತು. ಬಿಸಿಲೋ ಬಿಸಿಲು, ಉಪ್ಪೋ ಉಪ್ಪು. ಮೂರು ದಿನ ಸಾಕು ಅಂದವಳು ಆರು ದಿನ ಅಂದಳು, ಆರು ಹೋಗಿ ಇಪ್ಪತ್ತೊಂದಾಯಿತು. ರಾಶಿ ಮನೆಯೆತ್ತರ ಬೆಳೆಯಿತು. ಹೊದಿಸೋಕೆ ಊರಲ್ಲಿದ್ದ ಗರಿಯೆಲ್ಲ ತಂದರೂ ಸಾಲದು. ಆಸೆಗೆ ಕೊನೆ ಎಲ್ಲಿ, ನೀವೇ ಹೇಳಿ?

ಇಪ್ಪತ್ತೆರಡನೇ ದಿನ ಸೋಮಿ ಘಟ್ಟ ಇಳಿದು ಬಂದಳು. ತುಂಬಿದ ಬಸುರಿ, ತುಟಿಯೆಲ್ಲ ಒಡೆದಿದೆ.

"ಅವ್ವಿ, ಮಳೆ ಬರಲಿಲ್ಲ. ನಮ್ಮ ಬಾವೀಲಿ ಕೆಸರೂ ಇಲ್ಲ, ಊರೇ ಗುಳೆ ಹೊರಟಿದೆ. ಹೆತ್ತ ಮೇಲೆ ಕೂಸನ್ನ ಎತ್ಕೊಂಡು ಯಾವೂರಿಗೆ ಹೋಗಲಿ? ನೀನು ಗಾಳಿ ಕಟ್ಟಿದ ಸುದ್ದಿ ಘಟ್ಟದ ಮೇಲೂ ಬಂದಿದೆ. ಆ ಗಂಟು ಬಿಚ್ಚು."

"ನಿಮ್ಮೂರ ಮಳೆಗೂ ನನ್ನ ಸೆರಗಿಗೂ ಏನೇ ಸಂಬಂಧ? ನಿಮ್ಮ ಮೇಲೆ ನಿಮ್ಮದೇ ಆಕಾಶ ಇಲ್ವಾ?"

ಆಗ ಗಂಟಿನೊಳಗಿಂದ ಗಾಳಿ ಮಾತಾಡಿತಂತೆ.

"ಬುದವಂತಿ, ನಿನ್ನ ಆಗರದ ನೀರು ಆರಿತಲ್ಲ, ಎಲ್ಲಿಗೆ ಹೋಯಿತು?"

"ಸೂರ್ಯ ಕುಡಿದ."

"ಸೂರ್ಯ ಕಾಯಿಸ್ತಾನೆ, ಕುಡಿಯಲ್ಲ ತಾಯಿ. ಆವಿಯಾದ ನೀರೆಲ್ಲ ನನ್ನ ಮಡಿಲಲ್ಲಿದೆ. ಘಟ್ಟ ಹತ್ತುವಾಗ ಚಳಿಗೆ ಮಡಿಲು ಸಡಿಲಿ ಮುಕ್ಕಾಲು ಪಾಲು ಸುರಿದುಹೋಗುತ್ತೆ. ಉಳಿದದ್ದೇ ನಿನ್ನ ಮಗಳ ಬಾವಿಗೆ. ಅವರಿಗೆ ಬೇರೆ ಆಕಾಶ ಎಲ್ಲಿಂದ ತರೋದು?"

ಬುದವಂತಿ ರಾಶಿ ನೋಡಿದಳು, ಮಗಳ ಹೊಟ್ಟೆ ನೋಡಿದಳು. ಗಂಟಿಗೆ ಕೈ ಹಾಕಿದರೆ ಬಿಚ್ಚಲೊಲ್ಲದು. ಹಲ್ಲಲ್ಲಿ ಕಚ್ಚಿ ಎಳೆದಳು.

"ಅವ್ವೀ, ಉಪ್ಪು!"

"ಹೋಗಲಿ ಬಿಡೇ."

ಗಾಳಿ ಭರ್ರೆಂದು ಹೊರಟಿತು. ಮಳೆ ಧೋ ಅಂತ ಸುರಿಯಿತು, ಮನೆಯೆತ್ತರದ ರಾಶಿ ಕಣ್ಣೆದುರೇ ಹರಿದುಹೋಯಿತು. ಸುಳ್ಳು ಯಾಕೆ ಹೇಳಲಿ, ಬುದವಂತಿ ಎದೆ ಬಡಿದುಕೊಂಡೇ ಅತ್ತಳು.

ಮಳೆ ಬಂದ ಒಂಬತ್ತನೇ ದಿನ ಸೋಮಿ ಹೆಣ್ಣು ಹೆತ್ತಳು. ಅದೇ ದಿನ ಅಳಿಯ ತೊಯ್ದು ತೊಪ್ಪೆಯಾಗಿ ಘಟ್ಟ ಇಳಿದು ಬಂದ. ತಲೆ ಮೇಲೊಂದು ಕೊಡ.

"ಅತ್ತೆ, ಬಾವಿ ತುಂಬಿತು! ಮೊದಲ ನೀರು ಕೂಸಿಗೆ ಅಂತ ತಂದೆ."

ಬುದವಂತಿ ಬೊಗಸೆಯಲ್ಲಿ ನೀರೆತ್ತಿ ಕುಡಿದಳು. ಆಮೇಲೆ ಕೇರಿಗೆಲ್ಲ ಕೇಳೋ ಹಾಗೆ ಕೂಗಿದಳಂತೆ: "ಬನ್ರೇ, ಕುಡಿದು ನೋಡ್ರೇ! ನನ್ನ ಆಗರದ ನೀರು ಕಣ್ರೇ, ಎಷ್ಟು ಸಿಹಿಯಾಗಿದೆ!"

ಅವರೆಲ್ಲ ಅಲ್ಲಿ ತಂಪಾಗಿದ್ದಾರೆ, ನಾವಿಲ್ಲಿ ಬೆಚ್ಚಗಿದ್ದೇವೆ.